ಎಪ್ಪತ್ತರ ಮೇಲೊಂದು ಚಿಕ್ಕ ಮಾತ್ರೆ

ಶ್ರೀಮಠದ ಸದ್ಭಕ್ತರಲ್ಲಿ ಅರವತ್ತು, ಎಪ್ಪತ್ತು ದಾಟಿದ ಹಿರಿಯರ ಸಂಖ್ಯೆ ದೊಡ್ಡದು. ಅವರಲ್ಲಿ ಅನೇಕರ ಮಾತ್ರೆಯ ಚೀಲದಲ್ಲಿ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮೊಳಕಾಲು ನೋವಿನ ಮಾತ್ರೆಗಳ ಜೊತೆಗೆ ಸಾಸಿವೆಗಿಂತ ತುಸು ದೊಡ್ಡದೆನ್ನಬಹುದಾದ ಮತ್ತೊಂದು ಮಾತ್ರೆಯೂ ಇರುತ್ತದೆ. "ಇದು ರಕ್ತ ತೆಳು ಮಾಡುವ ಮಾತ್ರೆ, ಹೃದಯಕ್ಕೆ ಒಳ್ಳೆಯದಂತೆ" ಎಂದು ಅವರು ಹೇಳುವುದುಂಟು. ಯಾರು ಬರೆದುಕೊಟ್ಟರು ಎಂದು ವಿಚಾರಿಸಿದರೆ ಕೆಲವರು ಹೃದಯಾಘಾತವಾದಾಗ ದೊಡ್ಡಾಸ್ಪತ್ರೆಯಲ್ಲಿ ಕೊಟ್ಟ ಚೀಟಿಯನ್ನು ತೋರಿಸುತ್ತಾರೆ. ಅದು ಸರಿಯಾದ ಉತ್ತರ. ಇನ್ನು ಕೆಲವರು "ನೆರೆಮನೆಯವರು ತೆಗೆದುಕೊಳ್ಳುತ್ತಾರೆ, ಅದಕ್ಕೇ ನಾನೂ" ಎನ್ನುತ್ತಾರೆ. ಈ ಎರಡನೆಯ ಉತ್ತರದ ಬಗ್ಗೆಯೇ ಈ ಸಂಚಿಕೆಯಲ್ಲಿ ಕೆಲವು ವಿಚಾರಗಳನ್ನು ನಿವೇದಿಸಬಯಸುತ್ತೇವೆ.

ಆ ಮಾತ್ರೆಯ ಹೆಸರು ಆಸ್ಪಿರಿನ್. ವಿಲೋ ಎಂಬ ಮರದ ತೊಗಟೆಯಲ್ಲಿರುವ ನೋವುನಿವಾರಕ ಗುಣವನ್ನು ಬೆನ್ನುಹತ್ತಿ ಹೋದ ರಸಾಯನಶಾಸ್ತ್ರಜ್ಞರು 1897ರಲ್ಲಿ ಜರ್ಮನಿಯಲ್ಲಿ ಇದನ್ನು ಶುದ್ಧರೂಪದಲ್ಲಿ ಸಿದ್ಧಪಡಿಸಿದರು. (ಗಿಡಮೂಲದ್ದಾದುದೆಲ್ಲ ನಿರುಪದ್ರವಿ ಎಂದು ನಂಬಿ ನಮ್ಮ ಬಳಿಗೆ ಬರುವವರು ಈ ವಂಶಾವಳಿಯನ್ನು ಗಮನಿಸಬೇಕು.) ನಮ್ಮ ರಕ್ತದಲ್ಲಿ ಕಿರುತಟ್ಟೆಗಳೆಂಬ ಸೂಕ್ಷ್ಮ ಕಣಗಳಿವೆ. ಗಾಯವಾದಾಗ ಅವು ಒಂದಕ್ಕೊಂದು ಅಂಟಿಕೊಂಡು ರಕ್ತ ಹರಿಯದಂತೆ ಬೆಣೆಯಾಗಿ ನಿಲ್ಲುತ್ತವೆ. ಹಾಗೆ ಅಂಟಿಕೊಳ್ಳಲು ಬೇಕಾದ ಒಂದು ರಾಸಾಯನಿಕವನ್ನು ಅವು ತಯಾರಿಸದಂತೆ ಆಸ್ಪಿರಿನ್ ತಡೆಯುತ್ತದೆ. ಒಮ್ಮೆ ತಡೆಯಲ್ಪಟ್ಟ ಕಣವು ತನ್ನ ಆಯುಸ್ಸು ಮುಗಿಯುವವರೆಗೆ, ಅಂದರೆ ಸುಮಾರು ಏಳರಿಂದ ಹತ್ತು ದಿನ, ಚೇತರಿಸಿಕೊಳ್ಳುವುದಿಲ್ಲ. ಆದಕಾರಣ ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ತಗ್ಗುತ್ತದೆ. ಅದೇ ಕಾರಣದಿಂದ ಜಠರದಲ್ಲಿಯೋ ಮಿದುಳಿನಲ್ಲಿಯೋ ರಕ್ತ ಸೋರತೊಡಗಿದರೆ ಅದು ನಿಲ್ಲುವುದೂ ಕಷ್ಟವಾಗುತ್ತದೆ. ಲಾಭ ಮತ್ತು ಹಾನಿಗಳೆರಡೂ ಒಂದೇ ಗುಣದಿಂದ ಹುಟ್ಟಿದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಆರೋಗ್ಯವಂತರೂ ಇದನ್ನು ನಿತ್ಯ ಸೇವಿಸಬೇಕೆಂಬ ನಂಬಿಕೆ ಎಲ್ಲಿಂದ ಬಂದಿತು? ಅದಕ್ಕೂ ಒಂದು ಆಧಾರವಿದೆ. ಅಮೆರಿಕದಲ್ಲಿ 22,071 ಪುರುಷ ವೈದ್ಯರು ತಮ್ಮ ಮೇಲೆಯೇ ನಡೆಸಿಕೊಂಡ ಒಂದು ದೊಡ್ಡ ಅಧ್ಯಯನದ ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ದಿನ ಬಿಟ್ಟು ದಿನ ಆಸ್ಪಿರಿನ್ ಸೇವಿಸಿದ ಅರ್ಧದಷ್ಟು ಜನರಲ್ಲಿ 139 ಹೃದಯಾಘಾತಗಳು, ಹುಸಿಮಾತ್ರೆ ಸೇವಿಸಿದ ಉಳಿದರ್ಧ ಜನರಲ್ಲಿ 239 ಹೃದಯಾಘಾತಗಳು ಸಂಭವಿಸಿದ್ದವು. ಈ ವ್ಯತ್ಯಾಸ ಸಣ್ಣದಲ್ಲ. ಸುದ್ದಿ ಜಗತ್ತೆಲ್ಲ ಹಬ್ಬಿತು, ಮಾತ್ರೆ ಮನೆಮನೆಗೆ ಬಂದಿತು. ಆದರೆ ಅದೇ ಅಧ್ಯಯನದಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾದ ಒಟ್ಟು ಸಾವಿನ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿತ್ತೆಂಬುದನ್ನು ಗಮನಿಸಿದವರು ಕಡಿಮೆ. ಅಲ್ಲದೆ ಅದರಲ್ಲಿ ಭಾಗವಹಿಸಿದವರೆಲ್ಲರೂ ಗಂಡಸರು, ಅದರಲ್ಲಿಯೂ ವೈದ್ಯರು. ನಲವತ್ತು ವರ್ಷದವರಿಂದ ಮೊದಲ್ಗೊಂಡು ಅದರಲ್ಲಿದ್ದರು. ಎಪ್ಪತ್ತೈದರ ಅಜ್ಜಿಯೊಬ್ಬರಿಗೆ ಅದರ ಫಲಿತಾಂಶ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಔಷಧಗಳನ್ನು ಹೆಚ್ಚಾಗಿ ಸೇವಿಸುವವರು ವೃದ್ಧರು. ಔಷಧ ಪರೀಕ್ಷೆಗಳಿಂದ ಬಹುಕಾಲ ದೂರ ಇಡಲ್ಪಟ್ಟವರೂ ವೃದ್ಧರೇ. ಅವರಿಗೆ ಒಂದಲ್ಲ ನಾಲ್ಕು ಕಾಯಿಲೆಗಳಿರುತ್ತವೆ, ಮರೆವು ಇರುತ್ತದೆ, ಮಧ್ಯದಲ್ಲಿಯೇ ಬಿಟ್ಟುಹೋಗುತ್ತಾರೆ ಎಂಬುದು ಸಂಶೋಧಕರ ಸಬೂಬು. ಇದರ ಪರಿಣಾಮವಾಗಿ ಐವತ್ತರ ಪ್ರಾಯದವರಲ್ಲಿ ಕಂಡುದನ್ನು ಎಂಬತ್ತರವರಿಗೂ ಅನ್ವಯಿಸುವ ರೂಢಿ ಬೆಳೆಯಿತು. ಆಯುರ್ವೇದದಲ್ಲಿ ವಯಸ್ಸನ್ನು ಬಾಲ, ಮಧ್ಯ, ವೃದ್ಧ ಎಂದು ವಿಂಗಡಿಸಿ, ವೃದ್ಧರ ಔಷಧ ಮೃದುವಾಗಿರಬೇಕು, ಮಾತ್ರೆಯ ಪ್ರಮಾಣ ಬೇರೆಯಾಗಿರಬೇಕು ಎಂದು ವಿಧಿಸಿದ್ದಾರೆ. ಚರಕರು ಅರವತ್ತರ ನಂತರವನ್ನು ಜೀರ್ಣಾವಸ್ಥೆ ಎಂದರೆ ಸುಶ್ರುತರು ಎಪ್ಪತ್ತರ ನಂತರವನ್ನು ವೃದ್ಧಾವಸ್ಥೆ ಎಂದರು. ನಮಗೂ ಅರವತ್ತು ದಾಟಿರುವುದರಿಂದ ಈ ವಿಷಯದಲ್ಲಿ ಸುಶ್ರುತರ ಪಕ್ಷವೇ ಹಿತವೆನಿಸುತ್ತದೆ.

ಕಾಕತಾಳೀಯವೋ ಏನೋ, ಆಸ್ಪಿರಿನ್ ಪ್ರಶ್ನೆಯನ್ನು ವೃದ್ಧರಲ್ಲಿಯೇ ಇತ್ಯರ್ಥಗೊಳಿಸಲು ಹೊರಟವರು ಆಯ್ದುಕೊಂಡ ಗೆರೆಯೂ ಎಪ್ಪತ್ತೇ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ, ಅಮೆರಿಕದ ಸಂಶೋಧಕರ ಸಹಯೋಗದಲ್ಲಿ ನಡೆದ ಆ ಅಧ್ಯಯನಕ್ಕೆ ಆಸ್ಪ್ರೀ ಎಂದು ಹೆಸರು. 2010ರಿಂದ 2014ರವರೆಗೆ 19,114 ಹಿರಿಯರನ್ನು ಅದರಲ್ಲಿ ಸೇರಿಸಿಕೊಳ್ಳಲಾಯಿತು. ಅವರಲ್ಲಿ 16,703 ಜನ ಆಸ್ಟ್ರೇಲಿಯದವರು, 2,411 ಜನ ಅಮೆರಿಕದವರು. ಎಲ್ಲರೂ ಎಪ್ಪತ್ತು ಅಥವಾ ಅದಕ್ಕೂ ಮೇಲ್ಪಟ್ಟವರು. ಅಮೆರಿಕದ ಕಪ್ಪು ಜನಾಂಗದ ಮತ್ತು ಹಿಸ್ಪಾನಿಕ್ ಸಮುದಾಯದ ಹಿರಿಯರಿಗೆ ಮಾತ್ರ ಅರವತ್ತೈದರಿಂದಲೇ ಪ್ರವೇಶವಿತ್ತು. ಅರ್ಧಕ್ಕಿಂತ ಹೆಚ್ಚು ಮಹಿಳೆಯರಿದ್ದರು. ಮುಖ್ಯ ನಿಬಂಧನೆ ಏನೆಂದರೆ, ಸೇರುವಾಗ ಯಾರಿಗೂ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆಗಿರಬಾರದು, ಮರೆವಿನ ಕಾಯಿಲೆ ಇರಬಾರದು. ಈ ನಿಬಂಧನೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮೊದಲ ನಾಲ್ಕು ವಾರ ಎಲ್ಲರಿಗೂ ಹುಸಿಮಾತ್ರೆಯನ್ನೇ ಕೊಟ್ಟು, ತಪ್ಪದೆ ಸೇವಿಸುವವರಾರು ಎಂದು ನೋಡಿದರು. ನಿಯಮಿತವಾಗಿ ನುಂಗಿದವರನ್ನಷ್ಟೇ ಮುಂದಕ್ಕೆ ಒಯ್ದು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿತ್ಯ 100 ಮಿಲಿಗ್ರಾಂ ಆಸ್ಪಿರಿನ್, ಮತ್ತೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ಸೇವಿಸುವವರಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಇಷ್ಟೆಲ್ಲ ಏಕೆಂದು ಕೇಳಬಹುದು. ಮಾತ್ರೆ ನುಂಗಿದೆನೆಂಬ ಭರವಸೆಯಿಂದಲೇ ಅರ್ಧ ಕಾಯಿಲೆ ಇಳಿಯುವುದನ್ನು ನಾವು ನಿತ್ಯವೂ ನೋಡುತ್ತೇವೆ. ವೈದ್ಯನಿಗೂ ತನ್ನ ಔಷಧದ ಮೇಲೆ ಮಮಕಾರವಿರುತ್ತದೆ. ಈ ಭರವಸೆ, ಮಮಕಾರಗಳೆರಡನ್ನೂ ತಕ್ಕಡಿಯಿಂದ ಇಳಿಸಿ ಔಷಧವನ್ನಷ್ಟೇ ತೂಗುವ ಉಪಾಯವಿದು.

ನಮಗೆ ಹೆಚ್ಚು ಮೆಚ್ಚುಗೆಯಾದುದು ಅವರು ಏನನ್ನು ತೂಗಿದರು ಎಂಬುದು. ಹೃದಯಾಘಾತಗಳನ್ನಷ್ಟೇ ಎಣಿಸದೆ, ಮರಣವಾಗಲಿ, ಬುದ್ಧಿಭ್ರಂಶವಾಗಲಿ, ಶಾಶ್ವತ ಪರಾವಲಂಬನೆಯಾಗಲಿ ಬಾರದೆ ಎಷ್ಟು ಜನ ಎಷ್ಟು ಕಾಲ ಬದುಕಿದರು ಎಂಬುದನ್ನು ಮುಖ್ಯ ಅಳತೆಯಾಗಿ ಇಟ್ಟುಕೊಂಡರು. ಪರಾವಲಂಬನೆಯನ್ನು ಅಳೆದುದಾದರೂ ಹೇಗೆ? ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುವುದು, ಹಾಸಿಗೆಯಿಂದ ಅಥವಾ ಕುರ್ಚಿಯಿಂದ ಏಳುವುದು, ಶೌಚ, ಸ್ನಾನ, ಬಟ್ಟೆ ಉಡುವುದು, ಉಣ್ಣುವುದು; ಈ ಆರರಲ್ಲಿ ಒಂದಾದರೂ ಆರು ತಿಂಗಳವರೆಗೆ ತನ್ನಿಂದ ಆಗದಿದ್ದರೆ ಅಥವಾ ಬಹಳ ಕಷ್ಟವಾದರೆ ಅದು ಪರಾವಲಂಬನೆ. ನಮ್ಮ ಹಿರಿಯರು ಬಯಸುವುದೂ ಇದನ್ನೇ ಅಲ್ಲವೇ? "ಕೈಕಾಲು ಗಟ್ಟಿಯಿರುವಾಗಲೇ, ಯಾರಿಗೂ ಹೊರೆಯಾಗದೆ ಹೋಗಬೇಕು" ಎನ್ನುತ್ತಾರೆಯೇ ಹೊರತು ನೂರು ವರ್ಷ ಹಾಸಿಗೆಯಲ್ಲಿರಬೇಕೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಚರಕಸಂಹಿತೆಯು ಆಯುಸ್ಸಿನ ಉದ್ದವನ್ನು ಮಾತ್ರ ಹೇಳದೆ ಹಿತಾಯು, ಸುಖಾಯು ಎಂದು ಅದರ ಗುಣವನ್ನೂ ವಿಚಾರಿಸುತ್ತದೆ. ಹೆಸರು ಬೇರೆಯಾದರೂ ಮೆಲ್ಬರ್ನಿನವರು ಅಳೆಯಲು ಹೊರಟಿದ್ದು ಸುಖಾಯುವನ್ನೇ.

ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಸರಾಸರಿ ನಾಲ್ಕೂಮುಕ್ಕಾಲು ವರ್ಷ ಹಿರಿಯರನ್ನು ಗಮನಿಸಿದ ಮೇಲೆ ಸುಖಾಯುವಿನ ಲೆಕ್ಕದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಸಾವಿರ ಜನರನ್ನು ಒಂದು ವರ್ಷ ನೋಡಿದರೆ ಮರಣ, ಬುದ್ಧಿಭ್ರಂಶ, ಪರಾವಲಂಬನೆಗಳಲ್ಲೊಂದಕ್ಕೆ ತುತ್ತಾದವರು ಆಸ್ಪಿರಿನ್ ಗುಂಪಿನಲ್ಲಿ 21.5, ಹುಸಿಮಾತ್ರೆಯ ಗುಂಪಿನಲ್ಲಿ 21.2. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಾದರೂ ತಗ್ಗಿತೇ ಎಂದರೆ ಅದೂ 10.7 ಮತ್ತು 11.3, ನೆಚ್ಚಿಕೊಳ್ಳುವಂಥ ಅಂತರವಲ್ಲ. ಆದರೆ ತೀವ್ರ ರಕ್ತಸ್ರಾವವಾದವರು ಆಸ್ಪಿರಿನ್ ಗುಂಪಿನಲ್ಲಿ 361 ಜನ, ಇನ್ನೊಂದರಲ್ಲಿ 265 ಜನ. ಸಾವಿರಕ್ಕೆ ವರ್ಷಕ್ಕೆ 8.6 ಮತ್ತು 6.2. ಐದು ವರ್ಷ ಸೇವಿಸಿದರೆ ಪ್ರತಿ ಸಾವಿರ ಆರೋಗ್ಯವಂತ ಹಿರಿಯರಲ್ಲಿ ಸುಮಾರು ಹನ್ನೆರಡು ಜನರಿಗೆ, ಮಾತ್ರೆ ಇಲ್ಲದಿದ್ದರೆ ಆಗುತ್ತಿರಲಿಲ್ಲವೆನ್ನಬಹುದಾದ ರಕ್ತಸ್ರಾವ. ಪ್ರತಿಯಾಗಿ ದೊರೆತ ಲಾಭ ಶೂನ್ಯ.

ಮರಣದ ಲೆಕ್ಕದಲ್ಲಿ ಸಂಶೋಧಕರನ್ನೇ ಬೆರಗುಗೊಳಿಸಿದ ಅಂಶವೊಂದಿದೆ. ಆಸ್ಪಿರಿನ್ ಗುಂಪಿನಲ್ಲಿ ಶೇಕಡಾ 5.9 ಜನ ತೀರಿಕೊಂಡರು, ಹುಸಿಮಾತ್ರೆಯ ಗುಂಪಿನಲ್ಲಿ ಶೇಕಡಾ 5.2. ಹೆಚ್ಚಿನ ಸಾವುಗಳಿಗೆ ಮುಖ್ಯ ಕಾರಣ ರಕ್ತಸ್ರಾವವಾಗಿರದೆ ಅರ್ಬುದವಾಗಿತ್ತು. ಹಿಂದಿನ ಅಧ್ಯಯನಗಳಲ್ಲಿ ಇಂಥದು ಕಂಡಿರಲಿಲ್ಲವಾದ್ದರಿಂದ ಇದನ್ನು ಎಚ್ಚರಿಕೆಯಿಂದ ಅರ್ಥೈಸಬೇಕೆಂದು ಸಂಶೋಧಕರೇ ಹೇಳಿದರು. ಆದುದರಿಂದ "ಆಸ್ಪಿರಿನ್‌ನಿಂದ ಕ್ಯಾನ್ಸರ್ ಬರುತ್ತದೆ" ಎಂಬ ಮಾತನ್ನು ಭಕ್ತರು ಯಾರೂ ಮೊಬೈಲಿನಲ್ಲಿ ಹಂಚಬಾರದೆಂದು ವಿನಂತಿ. ಆಸ್ಪ್ರೀ ಅದನ್ನು ಹೇಳಿಲ್ಲ.

ಮುಂದಿನ ವರ್ಷಗಳಲ್ಲಿ ಅದೇ ಹಿರಿಯರ ದಾಖಲೆಗಳಿಂದ ಇನ್ನೆರಡು ಸಂಗತಿಗಳು ಹೊರಬಂದವು. 2022ರ ವರದಿಯ ಪ್ರಕಾರ ಆಸ್ಪಿರಿನ್ ಸೇವನೆಯಿಂದ ಮೂಳೆ ಮುರಿತ ತಗ್ಗಲಿಲ್ಲ. ಆಸ್ಪತ್ರೆಗೆ ಹೋಗಬೇಕಾಗುವಷ್ಟು ಗಂಭೀರವಾದ ಬೀಳುವಿಕೆ ತುಸು ಹೆಚ್ಚೇ ಆಯಿತು. 2023ರ ವರದಿಯಲ್ಲಿ, ಆಸ್ಪಿರಿನ್ ಸೇವಿಸಿದವರಲ್ಲಿ ರಕ್ತಹೀನತೆ ಶೇಕಡಾ 20ರಷ್ಟು ಹೆಚ್ಚೆಂದೂ ದೇಹದ ಕಬ್ಬಿಣದ ಸಂಗ್ರಹ ಬೇಗ ಕುಗ್ಗಿತೆಂದೂ ಕಂಡುಬಂದಿತು. ಕಣ್ಣಿಗೆ ಕಾಣದಂತೆ, ದಿನಕ್ಕಿಷ್ಟು ಹನಿಯಂತೆ ಕರುಳಿನಲ್ಲಿ ಸೋರುವ ರಕ್ತವೇ ಇದಕ್ಕೆ ಕಾರಣವಿರಬಹುದು. ಈ ಎರಡನೆಯದನ್ನು ನಾವು ಬಹಳ ಮುಖ್ಯವೆಂದು ಭಾವಿಸುತ್ತೇವೆ. ನಮ್ಮ ಹಳ್ಳಿಗಳ ವೃದ್ಧೆಯರಲ್ಲಿ ರಕ್ತಹೀನತೆ ಮೊದಲೇ ಸಾಮಾನ್ಯ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು "ವಯಸ್ಸಾಯಿತು, ಇನ್ನೇನು" ಎಂದು ತಳ್ಳಿಹಾಕುವುದು ರೂಢಿ. ಅದು ವಯಸ್ಸಲ್ಲದೆ ಮಾತ್ರೆಯ ಕಾರಣದಿಂದಾಗಿರುವ ಸಂಭವವೂ ಉಂಟು. ಜೊತೆಗೆ ಮೊಳಕಾಲು ನೋವಿಗೆಂದು ಅಂಗಡಿಯಲ್ಲಿ ತಾವೇ ಕೊಂಡ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳೂ ಸೇರಿದರೆ ಜಠರದ ಒಳಪದರಕ್ಕೆ ಎರಡು ಕಡೆಯಿಂದ ಪೆಟ್ಟು. ಆಯುರ್ವೇದದ ಭಾಷೆಯಲ್ಲಿ ಹೇಳುವುದಾದರೆ, ತೀಕ್ಷ್ಣೋಷ್ಣ ದ್ರವ್ಯಗಳ ನಿತ್ಯಸೇವನೆಯಿಂದ ರಕ್ತಪಿತ್ತಕ್ಕೆ ಹಾದಿ ಮಾಡಿಕೊಟ್ಟಂತೆ.

ಮೇಲ್ಪದರವಿರುವ ಮಾತ್ರೆ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುತ್ತದೆ, ಆದ್ದರಿಂದ ಅಪಾಯವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆಸ್ಪ್ರೀಯಲ್ಲಿ ಕೊಟ್ಟದ್ದು ಅಂಥ ಮೇಲ್ಪದರದ ಮಾತ್ರೆಯನ್ನೇ. ಆಸ್ಪಿರಿನ್ ರಕ್ತದ ಮೂಲಕವೂ ಜಠರವನ್ನು ತಲುಪುತ್ತದೆ.

2022ರಲ್ಲಿ ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆಯು ತನ್ನ ಹಳೆಯ ಸಲಹೆಯನ್ನು ಬದಲಿಸಿ, ಅರವತ್ತು ಮತ್ತು ಮೇಲ್ಪಟ್ಟವರು ಮೊದಲ ಹೃದಯಾಘಾತವನ್ನು ತಡೆಯುವ ಸಲುವಾಗಿ ಆಸ್ಪಿರಿನ್ ಪ್ರಾರಂಭಿಸಬಾರದು ಎಂದು ಹೇಳಿತು. ಹಾಗಾದರೆ 1989ರ ಅಧ್ಯಯನ ಸುಳ್ಳೇ? ಸುಳ್ಳಲ್ಲ. ಈ ನಡುವೆ ರಕ್ತದೊತ್ತಡ ಮತ್ತು ಕೊಬ್ಬಿನ ಚಿಕಿತ್ಸೆಗಳು ಸುಧಾರಿಸಿದವು, ಅಲ್ಲಿಯ ಜನ ಧೂಮಪಾನವನ್ನು ಬಹುಮಟ್ಟಿಗೆ ಬಿಟ್ಟರು. ಆಸ್ಪಿರಿನ್ ತಡೆಯಬೇಕಾದ ಅಪಾಯವೇ ತಗ್ಗಿತು. ರಕ್ತಸ್ರಾವದ ಅಪಾಯವಾದರೋ ವಯಸ್ಸಿನೊಡನೆ ಏರುತ್ತಲೇ ಹೋಗುತ್ತದೆ.

ಈಗ ಮೇಲೆ ಹೇಳಿದ ನಿಬಂಧನೆಗೆ ಬರೋಣ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಒಮ್ಮೆ ಹೃದಯಾಘಾತವಾದವರು, ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಶಸ್ತ್ರಚಿಕಿತ್ಸೆಯಾದವರು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಾದವರು ಆಸ್ಪ್ರೀಯಲ್ಲಿ ಇರಲಿಲ್ಲ. ಅಂಥವರಿಗೆ ಆಸ್ಪಿರಿನ್ ಪ್ರಾಣರಕ್ಷಕವಾಗಬಲ್ಲದು. ಅವರಲ್ಲಿ ಲಾಭದ ತಕ್ಕಡಿಯೇ ಭಾರ. ಈ ಲೇಖನವನ್ನು ಓದಿ ಅವರು ಮಾತ್ರೆಯನ್ನು ನಿಲ್ಲಿಸಿದರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಅನಾಹುತವಾಗಬಹುದು. ಹಲ್ಲು ಕೀಳಿಸುವುದಕ್ಕಾಗಲಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಲಿ, ಉಪವಾಸವೆಂದಾಗಲಿ, ಆಯುರ್ವೇದ ಔಷಧ ಪ್ರಾರಂಭಿಸಿದೆವೆಂದಾಗಲಿ ಹೃದ್ರೋಗ ವೈದ್ಯರನ್ನು ಕೇಳದೆ ಅದನ್ನು ಬಿಡಲಾಗದು. ಹಾಗೆ ಬಿಡಿ ಎಂದು ಯಾವ ಆಯುರ್ವೇದ ವೈದ್ಯರಾದರೂ ಹೇಳಿದರೆ ಅವರ ಮಾತನ್ನು ಕೇಳಬೇಡಿರಿ. ನಾವೂ ಅದೇ ವೃತ್ತಿಯವರಾಗಿ ಇದನ್ನು ಹೇಳುತ್ತಿದ್ದೇವೆ.

ಹಿಂದೆ ಯಾವ ಹೃದಯದ ಕಾಯಿಲೆಯೂ ಇಲ್ಲದೆ, ತಾವಾಗಿಯೇ ಸೇವಿಸುತ್ತಿರುವವರು ಸಹ ಈ ಪುಟವನ್ನು ತಮ್ಮ ವೈದ್ಯರಿಗೆ ತೋರಿಸಿ "ನನಗೆ ಇದು ಏತಕ್ಕೆ?" ಎಂದು ಕೇಳಿ ಅನಂತರ ನಿರ್ಧರಿಸುವುದು ಲೇಸು. ಎದೆನೋವು ಬಂದಾಗ ವೈದ್ಯರು ತಕ್ಷಣ ಅಗಿಯಲು ಕೊಡುವ ಆಸ್ಪಿರಿನ್ನಿನ ವಿಷಯ ಬೇರೆ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ, ವಾಂತಿಯಲ್ಲಿ ಕಾಫಿಪುಡಿಯಂಥ ಬಣ್ಣ ಕಂಡರೆ, ಬಿದ್ದು ತಲೆಗೆ ಪೆಟ್ಟಾದ ಮೇಲೆ ತಲೆನೋವು ಅಥವಾ ಮಂಪರು ಹೆಚ್ಚುತ್ತ ಹೋದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಕಬ್ಬಿಣದ ಮಾತ್ರೆ ಸೇವಿಸುವವರ ಮಲವೂ ಕಪ್ಪಾಗುವುದುಂಟು. ಆದರೂ ಒಮ್ಮೆ ತೋರಿಸುವುದು ಕ್ಷೇಮ.

ಮಾತ್ರೆಯಿಂದಾಗದ ಸುಖಾಯು ಮತ್ತೇತರಿಂದ ಆದೀತು ಎಂದು ಹಿರಿಯರು ಕೇಳಿದರೆ, ಅಷ್ಟೇ ಕಟ್ಟುನಿಟ್ಟಾಗಿ ನಡೆದ ಇನ್ನೊಂದು ಅಧ್ಯಯನವನ್ನು ಉದಾಹರಿಸುತ್ತೇವೆ. ಅಮೆರಿಕದ ಎಂಟು ಕೇಂದ್ರಗಳಲ್ಲಿ 70ರಿಂದ 89 ವಯಸ್ಸಿನ 1,635 ಜನರನ್ನು ಆಯ್ದರು. ಅವರು ಹೆಚ್ಚು ಕಾಲ ಕುಳಿತೇ ಇರುವವರು, ಆದರೆ 400 ಮೀಟರ್ ನಡೆಯಬಲ್ಲವರು. ಅರ್ಧ ಜನರಿಗೆ ನಡಿಗೆಯನ್ನು ಮುಖ್ಯವಾಗಿಟ್ಟುಕೊಂಡು ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಿದರು. ಗುರಿ ವಾರಕ್ಕೆ 150 ನಿಮಿಷ. ಉಳಿದರ್ಧ ಜನರಿಗೆ ಆರೋಗ್ಯದ ಉಪನ್ಯಾಸಗಳು. ಸುಮಾರು ಎರಡೂವರೆ ವರ್ಷದಲ್ಲಿ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ವ್ಯಾಯಾಮದ ಗುಂಪಿನಲ್ಲಿ ಶೇಕಡಾ 30.1, ಉಪನ್ಯಾಸದ ಗುಂಪಿನಲ್ಲಿ ಶೇಕಡಾ 35.5. ಇದು 2014ರ ವರದಿ. ಅಂತರ ಪವಾಡಸದೃಶವೇನಲ್ಲ, ಆದರೆ ನಿಜವಾದ ಅಂತರ, ಅದೂ ಎಂಬತ್ತರ ಆಸುಪಾಸಿನವರಲ್ಲಿ. (ಉಪನ್ಯಾಸ ಕೇಳಿದ ಮಾತ್ರಕ್ಕೆ ಕಾಲು ಗಟ್ಟಿಯಾಗದೆಂಬುದೂ ಇದರಿಂದ ಸಿದ್ಧವಾಯಿತು, ಉಪನ್ಯಾಸ ಮಾಡುವ ನಮ್ಮಂಥವರು ಇದನ್ನು ಗಮನಿಸತಕ್ಕದ್ದು.)

ನಮ್ಮ ಚ್ಯವನಪ್ರಾಶ, ಅಶ್ವಗಂಧ, ಆಮಲಕೀ ರಸಾಯನಗಳ ವಿಷಯವೇನು ಎಂಬ ಪ್ರಶ್ನೆ ಇಲ್ಲಿ ಸಹಜ. ಜರಾಚಿಕಿತ್ಸೆಯು ಆಯುರ್ವೇದದ ಎಂಟು ಅಂಗಗಳಲ್ಲೊಂದು. ಅದರ ಬಗ್ಗೆ ನಮಗೆ ಶ್ರದ್ಧೆಯಿದೆ, ನಿತ್ಯ ಬಳಸುತ್ತಲೂ ಇದ್ದೇವೆ. ಆದರೆ ಅವುಗಳ ಮೇಲೆ ನಡೆದಿರುವ ಬಹುಪಾಲು ಪರೀಕ್ಷೆಗಳು ಕೆಲವು ಹತ್ತು ಜನರ ಮೇಲೆ, ಕೆಲವೇ ವಾರಗಳ ಕಾಲ ನಡೆದಂಥವು. ಹತ್ತೊಂಬತ್ತು ಸಾವಿರ ಜನರನ್ನು ಐದು ವರ್ಷ ಹಿಂಬಾಲಿಸಿ, ಸ್ನಾನ ಶೌಚಗಳಿಗೆ ಪರಾಧೀನರಾಗದೆ ಬದುಕಿದರೇ ಎಂದು ಕೇಳಿದ ಪರೀಕ್ಷೆಗೆ ಅವು ಇನ್ನೂ ಒಳಪಟ್ಟಿಲ್ಲ. ಒಳಪಡಬೇಕು. ಸಾವಿರಾರು ವರ್ಷಗಳ ಪರಂಪರೆಯೊಂದು ಅಂಥ ತಕ್ಕಡಿಗೆ ಹೆದರಬೇಕಾಗಿಲ್ಲ.

ಭಾರತದಲ್ಲಿಯೂ ಹಿರಿಯರ ಅಧ್ಯಯನಗಳು ಪ್ರಾರಂಭವಾಗಿವೆ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ನಲವತ್ತೈದು ಮೇಲ್ಪಟ್ಟ ಹತ್ತು ಸಾವಿರ ಗ್ರಾಮೀಣರನ್ನು ವರ್ಷವರ್ಷವೂ ಪರೀಕ್ಷಿಸುವ ಗುರಿಯಿಟ್ಟುಕೊಂಡು 2018ರಿಂದ ಕೆಲಸ ಮಾಡುತ್ತಿದೆ. ಮರೆವಿನ ಕಾಯಿಲೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂಬುದು ಅದರ ಪ್ರಶ್ನೆ. ಅಲ್ಲಿ ಔಷಧ ಕೊಡುವುದಿಲ್ಲ, ಗಮನಿಸುವುದಷ್ಟೆ. ಮೆಲ್ಬರ್ನಿನ ಹಿರಿಯರ ರಕ್ತ, ಆಹಾರ, ದುಡಿಮೆ ಬೇರೆ. ರಾಗಿ ಉಂಡು ಹೊಲದಲ್ಲಿ ದುಡಿದವರದು ಬೇರೆ. ನಮ್ಮವರ ಉತ್ತರ ನಮ್ಮವರಿಂದಲೇ ದೊರೆಯಬೇಕು.

ಇಂಥ ಅಧ್ಯಯನಕ್ಕೆ ನಿಮ್ಮ ಮನೆಯ ಹಿರಿಯರನ್ನು ಯಾರಾದರೂ ಕೇಳಿಕೊಂಡು ಬಂದರೆ ಗಾಬರಿಯಾಗಬೇಕಿಲ್ಲ, ಕುರುಡಾಗಿ ಒಪ್ಪಬೇಕಾಗಿಯೂ ಇಲ್ಲ. ಔಷಧದ ಪರೀಕ್ಷೆಯಾದರೆ ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ ಅದು ದಾಖಲಾಗಿದೆಯೇ ಎಂದು ಕೇಳಿರಿ. 2009ರಿಂದ ಇದು ಕಡ್ಡಾಯ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ತೊಂದರೆಯಾದರೆ ಚಿಕಿತ್ಸೆಯ ಹೊಣೆ ಯಾರದು, ಮಧ್ಯದಲ್ಲಿ ಬಿಡಬಹುದೇ ಎಂದೂ ಕೇಳಿರಿ. ಯಾವಾಗ ಬೇಕಾದರೂ ಬಿಡುವ ಹಕ್ಕು ಇದೆ. ಬಿಟ್ಟರೆ ಎಂದಿನ ಚಿಕಿತ್ಸೆಗೆ ಧಕ್ಕೆ ಬರಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಲಿ. ಮುಖ್ಯವಾಗಿ, ತಿಳಿವಳಿಕೆ ಸರಿಯಾಗಿರುವ ತಂದೆತಾಯಿಗಳ ಪರವಾಗಿ ಮಕ್ಕಳು ಸಹಿ ಹಾಕತಕ್ಕದ್ದಲ್ಲ. ಎಂಬತ್ತಾದ ಮಾತ್ರಕ್ಕೆ "ಅಪ್ಪಾಜಿಗೆ ಏನು ಗೊತ್ತಾಗುತ್ತದೆ" ಎನ್ನುವ ಪರಿಪಾಠ ನಮ್ಮ ಮನೆಗಳಲ್ಲಿ ಹೆಚ್ಚುತ್ತಿದೆ. ದೇಹ ಅವರದು, ಕೇಳಬೇಕಾದುದು ಅವರನ್ನೇ.

ಶ್ರೀಮಠದ ಚಿಕಿತ್ಸಾಲಯಕ್ಕೆ ಬರುವ ಹಿರಿಯರು ಇನ್ನು ಮುಂದೆ ಔಷಧಗಳ ಹೆಸರನ್ನು ಬಾಯಿಮಾತಿನಲ್ಲಿ ಹೇಳದೆ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು, ಮಗಳು ಊರಿನಿಂದ ಕಳಿಸಿದ್ದು, ಅಂಗಡಿಯಲ್ಲಿ ಕೊಂಡದ್ದು, ಲೇಹ್ಯ ಕಷಾಯಗಳನ್ನೂ ಸೇರಿಸಿ ಒಂದೇ ಚೀಲದಲ್ಲಿ ತರಬೇಕೆಂದು ಕೋರುತ್ತೇವೆ. ಹೃದಯದ ಆಸ್ಪತ್ರೆಯ ಹಳೆಯ ಚೀಟಿ ಇದ್ದರೆ ಅದನ್ನೂ ಮರೆಯಬಾರದು. ಆಸ್ಪಿರಿನ್ ಸೇವಿಸುತ್ತಿರುವವರ ಹಿಮೋಗ್ಲೋಬಿನ್ ವರ್ಷಕ್ಕೊಮ್ಮೆಯಾದರೂ ನೋಡಬೇಕಾಗುತ್ತದೆ.